ಒದ್ದೆ ನೆಲ ಮತ್ತು ಎಳೆಯ ಮರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗಾಗಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಹೊಸದಾಗಿ ತಂದ ನಾಯಿಮರಿ ಮನೆಯೊಳಗೇ ಮಲಮೂತ್ರ ಮಾಡುತ್ತಿದೆ, ಬಿಡಿಸುವುದು ಹೇಗೆ ಎಂಬುದೇ ಎಲ್ಲರ ಪ್ರಶ್ನೆ. ಪತ್ರಗಳನ್ನು ಓದುತ್ತಾ ಹೋದಂತೆ ‘ಹಠ’, ‘ಸೇಡು’, ‘ಬೇಕೆಂದೇ’ ಎಂಬ ಮಾತುಗಳು ಮತ್ತೆ ಮತ್ತೆ ಕಣ್ಣಿಗೆ ಬಿದ್ದುದರಿಂದ, ಉತ್ತರಗಳಿಗೆ ಮೊದಲು ಒಂದು ವಿಚಾರವನ್ನು ಹೇಳಿಬಿಡುತ್ತೇನೆ. 2 ತಿಂಗಳ ಮರಿಗೆ ‘ಮನೆ’ ಎಂಬ ಕಲ್ಪನೆಯೇ ಇರುವುದಿಲ್ಲ. ತಾನು ಮಲಗುವ ಮೂಲೆ ಕೊಳಕಾಗಬಾರದು ಎಂಬಷ್ಟು ಅರಿವು ಅದಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ. ಆ ಮೂಲೆಯಿಂದ ನಾಲ್ಕು ಹೆಜ್ಜೆ ಆಚೆಗಿರುವ ಪಡಸಾಲೆ, ಅಡುಗೆಮನೆ, ಮೆಟ್ಟಿಲು ಎಲ್ಲವೂ ಅದರ ಪಾಲಿಗೆ ಹೊರಗೇ. ಹಾಗಾಗಿ ಪಡಸಾಲೆಯಲ್ಲಿ ಮೂತ್ರ ಮಾಡಿದ ಮರಿ ತನ್ನ ಲೆಕ್ಕದಲ್ಲಿ ಸರಿಯಾದ ಜಾಗಕ್ಕೇ ಹೋಗಿ ಬಂದಿರುತ್ತದೆ. ಆ ಪುಟ್ಟ ಮೂಲೆಯ ಶುಚಿಯನ್ನು ಇಡೀ ಮನೆಗೆ ವಿಸ್ತರಿಸಿಕೊಡುವ ಕೆಲಸ ನಮ್ಮದು.

ಪ್ರಶ್ನೆ: ನಮ್ಮ ಮರಿಗೆ 9 ವಾರ. ಗಂಟೆಗೊಮ್ಮೆ ಅಂಗಳಕ್ಕೆ ಬಿಡುತ್ತೇವೆ. ಅಲ್ಲಿ ಎಲೆಗಳ ಹಿಂದೆ, ಇರುವೆಗಳ ಹಿಂದೆ ಓಡುತ್ತದೆಯೇ ಹೊರತು ಬೇರೇನೂ ಮಾಡುವುದಿಲ್ಲ. ಒಳಗೆ ಕಾಲಿಟ್ಟ ಎರಡೇ ನಿಮಿಷಕ್ಕೆ ಪಡಸಾಲೆಯ ನಡುವೆ ಮೂತ್ರ ಮಾಡುತ್ತದೆ. ಇದು ಬೇಕೆಂದೇ ಮಾಡುವುದಲ್ಲವೇ?

ಉತ್ತರ: ಖಂಡಿತ ಅಲ್ಲ. ಅಂಗಳದ ಪ್ರತಿ ಗೇಣು ನೆಲವೂ ನಿಮ್ಮ ಮರಿಗೆ ಹೊಸ ವಾಸನೆ, ಹೊಸ ಸದ್ದು, ಹೊಸ ಚಲನೆ. ಅಷ್ಟೆಲ್ಲದರ ನಡುವೆ ಅದಕ್ಕೆ ತನ್ನ ಮೂತ್ರಕೋಶದ ನೆನಪೇ ಬರುವುದಿಲ್ಲ. ಒಳಗೆ ಬಂದು, ಮನಸ್ಸು ಸೆಳೆಯುವ ಸಂಗತಿ ಯಾವುದೂ ಇಲ್ಲವೆನ್ನಿಸಿದಾಗ ಮಾತ್ರ ಒತ್ತಡ ಅರಿವಿಗೆ ಬರುತ್ತದೆ. ಆಡುತ್ತಾ ಮೈಮರೆತ ಮಗು ಮನೆಯ ಬಾಗಿಲಿಗೆ ಬಂದೊಡನೆ ಅವಸರದಿಂದ ಬಚ್ಚಲಿಗೆ ಓಡುವುದನ್ನು ನೀವು ನೋಡಿರಬಹುದು, ಇದೂ ಅಂಥದ್ದೇ.

ಇದರ ಹಿಂದೆ ಇನ್ನೊಂದು ಕಾರಣವೂ ಇದೆ. ಹುಟ್ಟಿದ ಮೊದಲ 3 ವಾರಗಳ ಕಾಲ ಮರಿಗೆ ತಾನಾಗಿ ಮಲಮೂತ್ರ ವಿಸರ್ಜಿಸಲು ಬರುವುದಿಲ್ಲ. ತಾಯಿ ನೆಕ್ಕಿದಾಗ ಮಾತ್ರ ಅದು ಸಾಧ್ಯವಾಗುತ್ತದೆ, ಮತ್ತು ತಾಯಿಯೇ ಅದನ್ನು ನೆಕ್ಕಿ ಶುಚಿ ಮಾಡುತ್ತದೆ. ಆ ಬಳಿಕ ಮರಿಗಳು ತೂಗಾಡುತ್ತಲೇ ಮಲಗುವ ಜಾಗದಿಂದ ತುಸು ದೂರ ನಡೆದು ಹೋಗಲು ಕಲಿಯುತ್ತವೆ. 7ರಿಂದ 9 ವಾರಗಳ ಆಸುಪಾಸಿನಲ್ಲಿ ಕಾಲಿಗೆ ತಗಲುವ ನೆಲ ಎಂಥದ್ದು ಎಂಬುದು ಅವುಗಳ ನೆನಪಿನಲ್ಲಿ ಗಟ್ಟಿಯಾಗಿ ಕೂರತೊಡಗುತ್ತದೆ: ಮಣ್ಣಿನ ಮೇಲೆ ಹೋಗಿ ಅಭ್ಯಾಸವಾದ ಮರಿ ಮಣ್ಣನ್ನೂ, ಕಾಗದದ ಮೇಲೆ ಹೋಗಿ ಅಭ್ಯಾಸವಾದದ್ದು ಕಾಗದವನ್ನೂ, ನುಣುಪು ನೆಲದ ಮೇಲೇ ಬೆಳೆದದ್ದು ನುಣುಪು ನೆಲವನ್ನೂ ಹುಡುಕುತ್ತದೆ. ನಿಮ್ಮ ಮರಿ ಹುಟ್ಟಿ ಬೆಳೆದದ್ದು ಕಟ್ಟಡದೊಳಗೇ ಆಗಿದ್ದರೆ, ಮಣ್ಣು ಅದಕ್ಕೆ ಆಟದ ಜಾಗವಾಗಿ ಮಾತ್ರ ಪರಿಚಯವಾಗಿರುತ್ತದೆ. ಆದ್ದರಿಂದ ಈಗಿನ ಎರಡು ಮೂರು ವಾರಗಳು ಬಹಳ ಅಮೂಲ್ಯ.

‘ಅಂಗಳಕ್ಕೆ ಬಿಡುತ್ತೇವೆ’ ಎಂದು ಬರೆದಿದ್ದೀರಿ. ಬಿಡಬೇಡಿ, ಕರೆದುಕೊಂಡು ಹೋಗಿ. ಹಗುರವಾದ ಬೆಲ್ಟು ಹಾಕಿ, ಪ್ರತಿ ಸಲವೂ ಅದೇ ಬಾಗಿಲಿನಿಂದ ಅದೇ ಮೂಲೆಗೆ ನಡೆಸಿ, ಅಲ್ಲಿ ನೀವು ಮರದಂತೆ ಸುಮ್ಮನೆ ನಿಂತುಬಿಡಿ. ಮಾತು ಬೇಡ, ಆಟ ಬೇಡ. ಹಗ್ಗದ ಉದ್ದದಷ್ಟೇ ಜಾಗದಲ್ಲಿ ಮೂಸಲು ಏನೂ ಉಳಿಯದಿದ್ದಾಗ ಮರಿಯ ಗಮನ ತನ್ನ ದೇಹದ ಕಡೆಗೆ ತಿರುಗುತ್ತದೆ. 5 ನಿಮಿಷ ಕಾದರೂ ಏನೂ ಆಗದಿದ್ದರೆ ಒಳಗೆ ಕರೆತನ್ನಿ, ಆದರೆ ನೆಲಕ್ಕೆ ಬಿಡದೆ ಮಡಿಲಲ್ಲಿ ಇಟ್ಟುಕೊಳ್ಳಿ ಅಥವಾ ಹಗ್ಗವನ್ನು ನಿಮ್ಮ ಸೊಂಟಕ್ಕೇ ಕಟ್ಟಿಕೊಳ್ಳಿ. 10 ನಿಮಿಷ ಬಿಟ್ಟು ಮತ್ತೆ ಅದೇ ಮೂಲೆಗೆ ಹೋಗಿ. ಹೀಗೆ ಮೂರು ಬಾರಿ ಒಳಗೂ ಹೊರಗೂ ಓಡಾಡಬೇಕಾದ ದಿನಗಳು ಬರುತ್ತವೆ. ಅವುಗಳಿಗೆ ಸಿದ್ಧರಾಗಿರಿ.

ಕೊನೆಗೆ ಮರಿ ಹೊರಗೆ ಮೂತ್ರ ಮಾಡಿದಾಗ ಏನು ಮಾಡುತ್ತೀರಿ ಎಂಬುದು ಇಡೀ ತರಬೇತಿಯ ತಿರುಳು. ಅದು ಮುಗಿಸಿ ಎದ್ದ ಕ್ಷಣದಲ್ಲೇ, ಎಣಿಸಿ ಒಂದೆರಡು ಸೆಕೆಂಡುಗಳೊಳಗೆ, ಸಂತೋಷದ ದನಿಯಲ್ಲಿ ಮೆಚ್ಚಿ, ಕೈಯಲ್ಲಿ ಮೊದಲೇ ಹಿಡಿದಿದ್ದ ತಿನಿಸನ್ನು ಅಲ್ಲೇ ಕೊಡಿ. ಬಹಳ ಜನ ಒಳಗೆ ಬಂದು ಡಬ್ಬಿ ತೆರೆದು ತಿನಿಸು ಕೊಡುತ್ತಾರೆ. ಆಗ ಮರಿ ಕಲಿಯುವುದು ಒಳಗೆ ಓಡಿ ಬಂದರೆ ತಿನಿಸು ಸಿಗುತ್ತದೆ ಎಂಬುದನ್ನು. ಇನ್ನೂ ಒಂದು ಎಚ್ಚರಿಕೆ: ಮೂತ್ರ ಮಾಡಿದ ಕೂಡಲೇ ಒಳಗೆ ಎಳೆದುಕೊಂಡು ಬರಬೇಡಿ. ಹಾಗೆ ಮಾಡಿದರೆ, ಕೆಲಸ ಮುಗಿದೊಡನೆ ಹೊರಗಿನ ಸಂತೋಷವೂ ಮುಗಿಯುತ್ತದೆ ಎಂದು ಮರಿ ಅರಿತು, ತಡೆದುಕೊಂಡೇ ಅಡ್ಡಾಡಲು ಕಲಿಯುತ್ತದೆ. ಮೊದಲು ಕೆಲಸ, ಆ ಬಳಿಕ ಎಲೆ ಇರುವೆಗಳ ಹಿಂದೆ ಓಡುವ ಆಟ ಎಂಬ ಕ್ರಮವಿರಲಿ. ಅದು ಕುಳಿತ ಹೊತ್ತಿನಲ್ಲೇ ಮೆಲ್ಲಗೆ ಒಂದು ಮಾತನ್ನು, ಯಾವುದಾದರೂ ಸರಿ ಆದರೆ ಸದಾ ಅದೇ ಮಾತನ್ನು, ಹೇಳುತ್ತಾ ಬಂದರೆ ಕೆಲವು ವಾರಗಳಲ್ಲಿ ಆ ಮಾತೇ ಸೂಚನೆಯಾಗುತ್ತದೆ. ಮನೆಯವರೆಲ್ಲರೂ ಒಂದೇ ಮಾತನ್ನು ಬಳಸಬೇಕು.

ಗಂಟೆಯ ಲೆಕ್ಕ ಒಳ್ಳೆಯದೇ, ಆದರೆ ಅಷ್ಟೇ ಸಾಲದು. ನಿದ್ದೆಯಿಂದ ಎದ್ದ ತಕ್ಷಣ, ಆಟ ರಭಸವೇರಿದಾಗ, ಮನೆಗೆ ಯಾರಾದರೂ ಬಂದು ಗಲಾಟೆಯಾದ ಮೇಲೆ ಮತ್ತು ರಾತ್ರಿ ಮಲಗುವ ಮುನ್ನ ಮರಿಯನ್ನು ಹೊರಗೆ ಒಯ್ಯಲೇಬೇಕು. ಊಟವಾದ ಬಳಿಕ ಸಾಮಾನ್ಯವಾಗಿ 5ರಿಂದ 30 ನಿಮಿಷಗಳೊಳಗೆ ಅವಸರ ಬರುತ್ತದೆ, ಏಕೆಂದರೆ ಹೊಟ್ಟೆ ತುಂಬಿದೊಡನೆ ದೊಡ್ಡ ಕರುಳು ಚಲಿಸತೊಡಗುವುದು ದೇಹದ ಸಹಜ ಪ್ರತಿಕ್ರಿಯೆ. ಆದ್ದರಿಂದಲೇ ಊಟವನ್ನು ದಿನವಿಡೀ ತಟ್ಟೆಯಲ್ಲಿ ಬಿಡದೆ ಹೊತ್ತು ಹೊತ್ತಿಗೆ ಕೊಡಬೇಕು. ಒಳಗೆ ಹೋಗುವ ಹೊತ್ತು ಗೊತ್ತಿದ್ದರೆ ಹೊರಗೆ ಬರುವ ಹೊತ್ತೂ ಗೊತ್ತಾಗುತ್ತದೆ. ಆಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಆಟ ಬಿಟ್ಟು ನೆಲ ಮೂಸುವುದು, ಸುತ್ತು ಹಾಕುವುದು, ಕುರ್ಚಿಯ ಹಿಂದೆ ಸರಿಯುವುದು, ಬಾಗಿಲ ಕಡೆ ನೋಡಿ ಮುಲುಗುವುದು ಕಂಡರೆ ನಿಮಗೆ ಉಳಿದಿರುವುದು ಕೆಲವೇ ಸೆಕೆಂಡುಗಳು. ಒಂದು ವಾರ ಕಾಲ ಅದು ಉಂಡ, ಮಲಗಿದ, ಎದ್ದ, ಹೋದ ಸಮಯಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನಿಮ್ಮ ಮರಿಯದೇ ಆದ ಒಂದು ಲಯ ಆ ಪುಟಗಳಲ್ಲಿ ಕಾಣಿಸುತ್ತದೆ, ಮತ್ತು ಯಾವ ತಜ್ಞನ ಸಲಹೆಗಿಂತಲೂ ಅದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಮೂತ್ರ ಮಾಡಿದ ಜಾಗಕ್ಕೆ ಮರಿಯನ್ನು ಎಳೆದೊಯ್ದು, ಮೂಗನ್ನು ಅದಕ್ಕೆ ತಾಗಿಸಿ ಗದರಿಸಬೇಕು ಎಂದು ತಿಳಿದವರು ಹೇಳಿದ್ದರಿಂದ ಹಾಗೆಯೇ ಮಾಡುತ್ತಿದ್ದೇನೆ. ಅದಕ್ಕೆ ತನ್ನ ತಪ್ಪು ಚೆನ್ನಾಗಿ ಗೊತ್ತಿದೆ. ನಾನು ಮನೆಗೆ ಬಂದೊಡನೆ ಕಿವಿ ಮಡಿಸಿ, ಬಾಲ ಮುದುಡಿ ಮಂಚದ ಕೆಳಗೆ ನುಸುಳುತ್ತದೆ. ಆದರೂ ಚಾಳಿ ಬಿಟ್ಟಿಲ್ಲ.

ಉತ್ತರ: ದಯವಿಟ್ಟು ಇದನ್ನು ಇಂದೇ ನಿಲ್ಲಿಸಿ. ಮಂಚದ ಕೆಳಗೆ ನುಸುಳುವ ಆ ಮರಿಯಲ್ಲಿ ನೀವು ಕಾಣುತ್ತಿರುವುದು ಪಶ್ಚಾತ್ತಾಪವಲ್ಲ, ಭಯ.

ನಾಯಿಗಳ ಈ ‘ತಪ್ಪಿತಸ್ಥ ಮುಖ’ವನ್ನು ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರು ಪರೀಕ್ಷೆಗೆ ಒಡ್ಡಿ, 2009ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಒಂದು ತಿನಿಸನ್ನು ಮುಟ್ಟಬಾರದೆಂದು ನಾಯಿಗೆ ಹೇಳಿ ಯಜಮಾನರು ಕೋಣೆಯಿಂದ ಹೊರಗೆ ಹೋಗುತ್ತಿದ್ದರು. ಅವರು ಮರಳಿದಾಗ ನಾಯಿ ತಿಂದಿದೆ ಎಂದೋ ತಿಂದಿಲ್ಲ ಎಂದೋ ಅವರಿಗೆ ಹೇಳಲಾಗುತ್ತಿತ್ತು. ಆ ಮಾತು ಕೆಲವು ಸಲ ನಿಜ, ಕೆಲವು ಸಲ ಸುಳ್ಳು. ತಿಂದಿದೆ ಎಂದು ನಂಬಿದ ಯಜಮಾನರು ಗದರಿಸುತ್ತಿದ್ದರು. ನಾಯಿಯ ಮುಖದಲ್ಲಿ ತಪ್ಪಿತಸ್ಥ ಭಾವ ಮೂಡುವುದು ಅದು ತಿಂದಿತ್ತೇ ಇಲ್ಲವೇ ಎಂಬುದನ್ನು ಅವಲಂಬಿಸಿರಲಿಲ್ಲ. ಯಜಮಾನರು ಗದರಿಸಿದರೇ ಇಲ್ಲವೇ ಎಂಬುದನ್ನು ಅವಲಂಬಿಸಿತ್ತು. ಏನೂ ತಿನ್ನದೆ ಬೈಸಿಕೊಂಡ ನಾಯಿಗಳಲ್ಲೇ ಆ ಭಾವ ಹೆಚ್ಚಾಗಿ ಕಂಡಿತು ಎಂಬುದನ್ನು ಓದಿದಾಗ ನನಗೆ ನಿಜಕ್ಕೂ ನೋವಾಯಿತು.

ನಿಮ್ಮ ಮರಿಯ ದೃಷ್ಟಿಯಿಂದ ಯೋಚಿಸಿ. ಒಂದು ಗಂಟೆಯ ಹಿಂದೆ ಮಾಡಿದ ಕೆಲಸಕ್ಕೂ ಈಗ ಬಿದ್ದ ಬೈಗುಳಕ್ಕೂ ಸಂಬಂಧ ಕಲ್ಪಿಸುವ ಶಕ್ತಿ ಅದಕ್ಕಿಲ್ಲ. ಅದಕ್ಕೆ ಅರ್ಥವಾಗಿರುವುದು ಇಷ್ಟೇ: ನೆಲದ ಮೇಲೆ ಒದ್ದೆ ಇದ್ದು, ಈ ಮನುಷ್ಯ ಬಾಗಿಲು ತೆರೆದರೆ ನನಗೆ ಕೇಡು. ಕೆಲಸ ನಡೆಯುತ್ತಿರುವಾಗಲೇ ಹಿಡಿದು ಗದರಿಸಿದರೂ ಫಲ ಒಳ್ಳೆಯದಲ್ಲ. ಆಗ ಅದು ಕಲಿಯುವ ಪಾಠ, ಮನುಷ್ಯರು ನೋಡುತ್ತಿರುವಾಗ ಮೂತ್ರ ಮಾಡುವುದು ಅಪಾಯ ಎಂಬುದು. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನಾನು ಸಾಕಿದ ಮೊದಲ ಮರಿಯನ್ನು ಕಾಗದದ ಸುರುಳಿಯಿಂದ ನೆಲಕ್ಕೆ ಬಡಿದು ಹೆದರಿಸಿದ್ದೆ. ಅದಾದ ಬಳಿಕ ವಾರಗಟ್ಟಲೆ ಅದು ಅಂಗಳದಲ್ಲೂ ನನ್ನೆದುರು ಕುಳಿತುಕೊಳ್ಳದೆ, ಕಪಾಟಿನ ಹಿಂದಿನ ಸಂದಿಯನ್ನು ಹುಡುಕಿಕೊಂಡಿತು. ಹೊರಗೆ ಮಾಡಿದಾಗ ಮೆಚ್ಚುವ ಅವಕಾಶವನ್ನೇ ನನ್ನ ಕೈಯಾರೆ ಕಳೆದುಕೊಂಡಿದ್ದೆ, ಮತ್ತು ಅದರ ವಿಶ್ವಾಸವನ್ನು ಮರಳಿ ಪಡೆಯಲು ಬಹಳ ದಿನ ಬೇಕಾಯಿತು.

ಒಳಗೆ ಮೂತ್ರ ಮಾಡಲು ಕುಳಿತದ್ದು ಕಣ್ಣಿಗೆ ಬಿದ್ದರೆ, ಅದರ ಗಮನ ಸೆಳೆಯುವಷ್ಟು ಮೆತ್ತಗೆ ಒಮ್ಮೆ ಚಪ್ಪಾಳೆ ತಟ್ಟಿ, ಎತ್ತಿಕೊಂಡು ಹೊರಗಿನ ಮೂಲೆಗೆ ಒಯ್ಯಿರಿ. ಉಳಿದದ್ದನ್ನು ಅಲ್ಲಿ ಮುಗಿಸಿದರೆ ಎಂದಿನಂತೆ ಮೆಚ್ಚಿರಿ. ಆಗಿಹೋದದ್ದು ಆಮೇಲೆ ಕಂಡರೆ ಮಾತಿಲ್ಲದೆ ಒರೆಸಿ, ಆ ಹೊತ್ತಿನಲ್ಲಿ ಮರಿಯ ಮೇಲೆ ಯಾರ ಕಣ್ಣೂ ಏಕಿರಲಿಲ್ಲ ಎಂದು ಮನೆಯವರು ತಮ್ಮತಮ್ಮಲ್ಲಿ ವಿಚಾರಿಸಿಕೊಳ್ಳಿ.

ಪ್ರಶ್ನೆ: ಕ್ರೇಟ್‌ನಲ್ಲಿ ಮಲಗಿಸಿದರೆ ಬೇಗ ಕಲಿಯುತ್ತದೆ ಎನ್ನುತ್ತಾರೆ. ಪಂಜರದಲ್ಲಿ ಕೂಡಿಹಾಕುವುದು ಕ್ರೌರ್ಯವೆನಿಸುತ್ತದೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. 10 ವಾರದ ಮರಿ ಎಷ್ಟು ಹೊತ್ತು ತಡೆದುಕೊಂಡೀತು?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದನ್ನು ಕೂಡಿಸಿದರೆ ಬರುವಷ್ಟು ಗಂಟೆಗಳ ಕಾಲ ಅದು ತಡೆದುಕೊಳ್ಳಬಹುದು ಎಂಬುದು ಸಾಕುವವರ ನಡುವೆ ಬಳಕೆಯಲ್ಲಿರುವ ಲೆಕ್ಕ. ಆ ಪ್ರಕಾರ ನಿಮ್ಮ ಮರಿಗೆ 3 ಗಂಟೆ. ಅದು ಗರಿಷ್ಠ ಮಿತಿ. ಎಚ್ಚರವಿದ್ದು ಆಡುತ್ತಿರುವ ಮರಿಗೆ ಅರ್ಧ ಗಂಟೆಯೂ ದೀರ್ಘವಾಗಬಹುದು. ಚಿಕ್ಕ ತಳಿಯ ಮರಿಗಳ ಮೂತ್ರಕೋಶ ಇನ್ನೂ ಚಿಕ್ಕದು. ಆದ್ದರಿಂದ ಬೆಳಿಗ್ಗೆ ಬೀಗ ಹಾಕಿ ಸಂಜೆ ಬರುವ ಮನೆಯಲ್ಲಿ ಯಾವ ವಿಧಾನವೂ ಫಲ ಕೊಡುವುದಿಲ್ಲ. ಮೊದಲ ಎರಡು ಮೂರು ತಿಂಗಳು ಇಬ್ಬರಲ್ಲೊಬ್ಬರು ಮನೆಯಲ್ಲಿರುವಂತೆ ರಜೆ ಹೊಂದಿಸಿಕೊಳ್ಳುವುದೋ, ನಂಬಿಕೆಯ ಒಬ್ಬರು ನಡುವೆ ಬಂದು ಹೊರಗೆ ಒಯ್ಯುವಂತೆ ಮಾಡುವುದೋ ಆಗಲೇಬೇಕು. ಎರಡೂ ಸಾಧ್ಯವಿಲ್ಲದ ಮನೆಗೆ ಎಳೆಯ ಮರಿಗಿಂತ ಬೆಳೆದ ನಾಯಿಯನ್ನು ತರುವುದು ಹೆಚ್ಚು ನ್ಯಾಯವಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕ್ರೇಟ್ ವಿಚಾರಕ್ಕೆ ಬಂದರೆ, ಅದು ಕ್ರೌರ್ಯವಾಗುವುದೂ ಆಸರೆಯಾಗುವುದೂ ಬಳಸುವವರ ಕೈಯಲ್ಲಿದೆ. ಮಲಗುವ ಜಾಗವನ್ನು ಕೊಳೆ ಮಾಡಿಕೊಳ್ಳಲು ಮರಿ ಒಪ್ಪುವುದಿಲ್ಲ ಎಂಬ ಹುಟ್ಟುಗುಣವೇ ಇದರ ತಳಹದಿ. ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸಾಕಾಗುವಷ್ಟು ಜಾಗ ಅದರಲ್ಲಿರಬೇಕು. ಅದಕ್ಕಿಂತ ದೊಡ್ಡದಾದರೆ ಮರಿ ಒಂದು ತುದಿಯಲ್ಲಿ ಮಲಗಿ ಇನ್ನೊಂದು ತುದಿಯನ್ನು ಶೌಚಕ್ಕೆ ಬಳಸುತ್ತದೆ. ಬೆಳೆಯುವ ಮರಿಗಾಗಿ ದೊಡ್ಡದನ್ನೇ ಕೊಂಡಿದ್ದರೆ ನಡುವೆ ಅಡ್ಡ ಹಲಗೆ ಇಟ್ಟುಕೊಳ್ಳಿ. ಮೊದಲ ಕೆಲವು ದಿನ ಬಾಗಿಲು ಮುಚ್ಚದೆ, ಊಟವನ್ನು ಅದರೊಳಗೇ ಕೊಟ್ಟು, ತಾನಾಗಿ ಒಳಗೆ ಹೋಗಿ ಮಲಗುವಂತಾದ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಮುಚ್ಚಿ ಅಭ್ಯಾಸ ಮಾಡಿಸಿ. ಶಿಕ್ಷೆಯಾಗಿ ಎಂದೂ ಅದರೊಳಗೆ ತಳ್ಳಬಾರದು. ತಡೆದುಕೊಳ್ಳುವ ಶಕ್ತಿ ಮೀರುವಷ್ಟು ಹೊತ್ತು ಕೂಡಿಟ್ಟರೆ ಮರಿ ವಿಧಿಯಿಲ್ಲದೆ ತನ್ನ ಹಾಸಿಗೆಯಲ್ಲೇ ಮಾಡಿಕೊಳ್ಳುತ್ತದೆ, ಮತ್ತು ಹಾಗೆ ಕೆಲವು ಸಲವಾದರೆ ಆ ಹುಟ್ಟುಗುಣವೇ ಮಸುಕಾಗುತ್ತದೆ. ಗಲೀಜು ಗೂಡುಗಳಲ್ಲಿ ತಿಂಗಳುಗಟ್ಟಲೆ ಇದ್ದು ಮಾರಾಟವಾದ ಮರಿಗಳಿಗೆ ಕಲಿಸುವುದು ಕಷ್ಟವಾಗುವುದು ಇದರಿಂದಲೇ. ಅಂಥ ಮರಿಗೆ ಇಮ್ಮಡಿ ತಾಳ್ಮೆ ಬೇಕು; ಕೆಟ್ಟ ಸ್ವಭಾವದ್ದೆಂದು ಅದನ್ನು ಹಳಿಯಬಾರದು.

ರಾತ್ರಿ ಮರಿ ನಿಮ್ಮ ಮಂಚದ ಪಕ್ಕದಲ್ಲೇ ಇರಲಿ. ನಿದ್ದೆಯಲ್ಲಿ ಮೂತ್ರದ ಒತ್ತಡ ಕಡಿಮೆಯಿರುವುದರಿಂದ ಹಗಲಿಗಿಂತ ಹೆಚ್ಚು ಹೊತ್ತು ತಡೆಯುತ್ತದೆ, ಆದರೂ ಈ ವಯಸ್ಸಿನಲ್ಲಿ ಒಂದೆರಡು ಬಾರಿ ಏಳಬೇಕಾಗುತ್ತದೆ. ಮಲಗಿದ್ದ ಮರಿ ಹೊರಳಾಡಿ ಮುಲುಗಿದರೆ ಎತ್ತಿಕೊಂಡು ಹೋಗಿ, ದೀಪ ಹೆಚ್ಚು ಹಚ್ಚದೆ, ಮಾತಾಡಿಸದೆ ಮುಗಿಸಿಕೊಂಡು ಬಂದು ಮಲಗಿಸಿ. ನಡುರಾತ್ರಿಯಲ್ಲಿ ಆಟ ಆರಂಭಿಸಿದರೆ ನಾಳೆಯಿಂದ ಅದು ಆಟಕ್ಕಾಗಿಯೇ ಎಬ್ಬಿಸುತ್ತದೆ.

ಪ್ರಶ್ನೆ: ಲಸಿಕೆಗಳೆಲ್ಲ ಮುಗಿಯುವವರೆಗೆ ಮರಿಯನ್ನು ನೆಲಕ್ಕೆ ಬಿಡಬಾರದೆಂದು ವೈದ್ಯರು ಹೇಳಿದ್ದಾರೆ. ನಮ್ಮದು ಬಹುಮಹಡಿ ಕಟ್ಟಡದ ಮನೆ. ಅಲ್ಲಿಯವರೆಗೆ ಏನು ಮಾಡುವುದು?

ಉತ್ತರ: ವೈದ್ಯರ ಎಚ್ಚರಿಕೆಗೆ ಬಲವಾದ ಕಾರಣವಿದೆ. ಪಾರ್ವೊ ವೈರಸ್ ರೋಗಿ ನಾಯಿಯ ಮಲದ ಮೂಲಕ ಮಣ್ಣಿಗೆ ಸೇರಿ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ, ಮತ್ತು ಎಳೆಯ ಮರಿಗಳಿಗೆ ಅದು ಪ್ರಾಣಾಂತಿಕ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಲಸಿಕೆಯ ಕೆಲಸಕ್ಕೆ ಅಡ್ಡಬರುವುದರಿಂದ, 6ರಿಂದ 8ನೇ ವಾರದಲ್ಲಿ ಆರಂಭವಾದ ಲಸಿಕೆಯನ್ನು ಕೆಲವು ವಾರಗಳ ಅಂತರದಲ್ಲಿ ಮರುಕಳಿಸಿ, ಕೊನೆಯದನ್ನು 16ನೇ ವಾರದಲ್ಲಿ ಅಥವಾ ಅದರ ನಂತರ ಕೊಡಬೇಕಾಗುತ್ತದೆ. ಅಪರಿಚಿತ ನಾಯಿಗಳು ಓಡಾಡುವ ಜಾಗಕ್ಕೆ ಅಲ್ಲಿಯವರೆಗೆ ಮರಿಯ ಕಾಲು ತಾಗದಿರಲಿ. ಆದರೆ ಕೈಯಲ್ಲಿ ಎತ್ತಿಕೊಂಡು ಹೊರಗಿನ ಜಗತ್ತನ್ನು ತೋರಿಸುವುದನ್ನು ನಿಲ್ಲಿಸಬೇಡಿ. 3ರಿಂದ 14 ವಾರಗಳ ಈ ಅವಧಿಯಲ್ಲಿ ಕಂಡು ಕೇಳಿದ್ದಕ್ಕೆ ಮರಿ ಬೇಗ ಹೊಂದಿಕೊಳ್ಳುತ್ತದೆ.

ಮನೆಯೊಳಗೆ ಶೌಚಕ್ಕೆಂದು ಮಾರುವ ಪ್ಯಾಡ್‌ಗಳಿಗಿಂತ ಬಾಲ್ಕನಿಯಲ್ಲಿ ಒಂದು ಅಗಲವಾದ ಟ್ರೇ ಇಟ್ಟು, ಅದರಲ್ಲಿ ಹುಲ್ಲುಹಾಸಿನ ತುಂಡನ್ನು ಹರಡುವುದನ್ನೇ ನಾನು ಹೆಚ್ಚು ಇಷ್ಟಪಡುತ್ತೇನೆ. ಪ್ಯಾಡಿನ ಮೆತ್ತನೆಯ ಮೇಲ್ಮೈಗೆ ಒಗ್ಗಿದ ಮರಿಗೆ ಕಾಲೊರಸು, ಕಾರ್ಪೆಟ್, ನೆಲಕ್ಕೆ ಬಿದ್ದ ಟವೆಲ್ ಎಲ್ಲವೂ ಪ್ಯಾಡಿನಂತೆಯೇ ಅನ್ನಿಸುತ್ತವೆ. ಹುಲ್ಲಿಗೆ ಒಗ್ಗಿದ್ದು ಮುಂದೆ ಹೊರಗಿನ ಹುಲ್ಲನ್ನು ಸುಲಭವಾಗಿ ಗುರುತಿಸುತ್ತದೆ. ಪ್ಯಾಡ್ ಅಥವಾ ಕಾಗದವೇ ಅನಿವಾರ್ಯವಾದರೆ ಅದನ್ನು ಒಂದೇ ಜಾಗದಲ್ಲಿಟ್ಟು, ಮರಿ ತಪ್ಪದೆ ಅದನ್ನೇ ಬಳಸತೊಡಗಿದ ಮೇಲೆ ದಿನಕ್ಕೆ ಕೆಲವು ಅಂಗುಲದಂತೆ ಬಾಗಿಲ ಕಡೆಗೆ ಸರಿಸುತ್ತಾ ಹೋಗಿ. ಹೊರಗೆ ಹೋಗುವ ಮೊದಲ ದಿನ, ಬಳಸಿದ ಕಾಗದದ ಒಂದು ಚೂರನ್ನು ಜೊತೆಗೆ ಒಯ್ದು ಹೊಸ ಜಾಗದಲ್ಲಿ ಇಟ್ಟರೆ ಮರಿಗೆ ಆ ಜಾಗದ ಉದ್ದೇಶ ಮೂಗಿನಿಂದಲೇ ತಿಳಿಯುತ್ತದೆ. ಕೆಲಸ ಮುಗಿದ ಮೇಲೆ ಚೂರನ್ನು ಮರೆಯದೆ ಎತ್ತಿಕೊಂಡು ಬನ್ನಿ.

ಪ್ರಶ್ನೆ: ದಿನವೂ ನೆಲ ಒರೆಸುತ್ತೇವೆ, ಸುವಾಸನೆಯ ದ್ರಾವಣ ಹಾಕುತ್ತೇವೆ. ಆದರೂ ಅದೇ ಜಾಗಕ್ಕೆ ಮತ್ತೆ ಹೋಗುತ್ತದೆ.

ಉತ್ತರ: ಸುವಾಸನೆ ನಮ್ಮ ಮೂಗಿಗಷ್ಟೇ ಮರೆ. ವಾಸನೆಯನ್ನು ಗ್ರಹಿಸುವ ಕೋಶಗಳು ಮನುಷ್ಯರ ಮೂಗಿನಲ್ಲಿ ಸುಮಾರು 50ರಿಂದ 60 ಲಕ್ಷವಿದ್ದರೆ, ನಾಯಿಯ ಮೂಗಿನಲ್ಲಿ 20 ಕೋಟಿಗೂ ಹೆಚ್ಚಿವೆ. ಮೂತ್ರದ ಅಂಶ ಒಂದಿಷ್ಟು ಉಳಿದರೂ ‘ಶೌಚದ ಜಾಗ ಇದು’ ಎಂಬ ಸೂಚನೆ ಅದಕ್ಕೆ ಸಿಗುತ್ತದೆ. ಮೂತ್ರವನ್ನು ಮೊದಲು ಉಜ್ಜದೆ ಒತ್ತಿ ಹೀರಿಸಿ, ತಣ್ಣೀರಿನಿಂದ ತೊಳೆದು, ಬಳಿಕ ಕಿಣ್ವಗಳಿರುವ ಶುಚಿಕಾರಕವನ್ನು ಸುರಿದು ಅದರ ಮೇಲೆ ಬರೆದಷ್ಟು ಹೊತ್ತು ಬಿಡಿ. ಕಿಣ್ವಗಳು ವಾಸನೆಯ ಮೂಲವನ್ನೇ ಒಡೆಯುತ್ತವೆ, ಆದರೆ ಅವುಗಳಿಗೆ ಸಮಯ ಬೇಕು. ಅಮೋನಿಯಾ ಇರುವ ದ್ರಾವಣ ಬೇಡ, ಏಕೆಂದರೆ ಹಳಸಿದ ಮೂತ್ರದ ವಾಸನೆಯೂ ಅಮೋನಿಯಾದ್ದೇ. ಹಸಿ ಮೂತ್ರದ ಮೇಲೆ ಬ್ಲೀಚ್ ಸುರಿಯುವುದು ಅಪಾಯಕರ. ಅವೆರಡೂ ಬೆರೆತು ಉಸಿರಾಟಕ್ಕೆ ಹಾನಿ ಮಾಡುವ ಅನಿಲ ಏಳುತ್ತದೆ. ಒಂದೇ ಜಾಗ ಪದೇ ಪದೇ ಹಾಳಾಗುತ್ತಿದ್ದರೆ, ಚೆನ್ನಾಗಿ ತೊಳೆದ ಬಳಿಕ ಕೆಲವು ದಿನ ಮರಿಯ ಊಟದ ತಟ್ಟೆಯನ್ನು ಅಲ್ಲಿಯೇ ಇಟ್ಟು ನೋಡಿ.

ಪ್ರಶ್ನೆ: ಅತಿಥಿಗಳು ಬಗ್ಗಿ ಮಾತಾಡಿಸಿದರೆ ನಮ್ಮ 4 ತಿಂಗಳ ಮರಿ ಅಂಗಾತ ಮಲಗಿ ಮೂತ್ರ ಬಿಡುತ್ತದೆ. ಉಳಿದಂತೆ ಅದು ಎಲ್ಲವನ್ನೂ ಹೊರಗೇ ಮಾಡುತ್ತದೆ.

ಉತ್ತರ: ಇದು ಶೌಚದ ಅಭ್ಯಾಸಕ್ಕೆ ಸಂಬಂಧಿಸಿದ್ದಲ್ಲ. ‘ನಾನು ಚಿಕ್ಕವನು, ನನಗೇನೂ ಮಾಡಬೇಡಿ’ ಎಂದು ಮರಿ ದೊಡ್ಡವರಿಗೆ ಹೇಳುವ ಭಾಷೆ ಇದು, ಮತ್ತು ಅದರ ಹತೋಟಿಯಲ್ಲೂ ಇಲ್ಲ. ಗದರಿಸಿದರೆ ಇನ್ನೂ ಹೆಚ್ಚಾಗುತ್ತದೆ. ಬಂದವರು ಅದರ ಮೇಲೆ ಬಾಗದೆ, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಪಕ್ಕಕ್ಕೆ ತಿರುಗಿ ಕುಳಿತು, ಮರಿ ತಾನಾಗಿ ಹತ್ತಿರ ಬಂದಾಗ ತಲೆಯ ಮೇಲೆ ಕೈಯಿಡುವ ಬದಲು ಎದೆಯ ಬಳಿ ಸವರಲಿ. ಬೆಳೆದು ಧೈರ್ಯ ಬಂದಂತೆ ಹೆಚ್ಚಿನ ಮರಿಗಳಲ್ಲಿ ಇದು ತಾನಾಗಿಯೇ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಹೆಣ್ಣುಮರಿ 4 ತಿಂಗಳಿಗೇ ಪೂರ್ತಿ ಕಲಿತಿತ್ತು. ಈಗ 6 ತಿಂಗಳು. ಒಂದು ವಾರದಿಂದ ಮತ್ತೆ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಮೂತ್ರ ಮಾಡುತ್ತಿದೆ. ಕಲಿತದ್ದು ಮರೆತುಹೋಯಿತೇ?

ಉತ್ತರ: ಕಲಿತ ಮರಿ ಹಠಾತ್ತನೆ ತಪ್ಪತೊಡಗಿದರೆ ಮೊದಲ ಅನುಮಾನ ಆರೋಗ್ಯದ ಮೇಲಿರಬೇಕು. ಪದೇ ಪದೇ ಕೂರುವುದು, ತಿಣುಕುವುದು, ಹನಿ ಹನಿಯಾಗಿ ಬರುವುದು, ಹಿಂಭಾಗವನ್ನು ಬಿಡದೆ ನೆಕ್ಕಿಕೊಳ್ಳುವುದು, ಮೂತ್ರದಲ್ಲಿ ಕೆಂಪು ಕಾಣುವುದು, ಇವು ಮೂತ್ರನಾಳದ ಸೋಂಕಿನ ಲಕ್ಷಣಗಳು. ಸೋಂಕು ಹೆಣ್ಣುಮರಿಗಳಲ್ಲಿ ಹೆಚ್ಚು. ಬೆಳಗಿನ ಮೂತ್ರವನ್ನು ಶುಚಿಯಾದ ಡಬ್ಬಿಯಲ್ಲಿ ಹಿಡಿದು ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಿರಿ. ಮರಿ ಸಣ್ಣದಿರುವಾಗಿನಿಂದಲೂ ಮಲಗಿದಲ್ಲೇ ಸದಾ ಒದ್ದೆಯಾಗುತ್ತಿದ್ದರೆ ಅದು ಬೇರೆ ಸಂಗತಿ: ಮೂತ್ರಪಿಂಡದಿಂದ ಬರುವ ನಾಳ ಮೂತ್ರಕೋಶಕ್ಕೆ ಸೇರದೆ ಬೇರೆಡೆ ತೆರೆದುಕೊಳ್ಳುವ ಹುಟ್ಟುದೋಷ ಕೆಲವು ಮರಿಗಳಲ್ಲಿ ಇರುತ್ತದೆ, ಅದನ್ನು ಎಷ್ಟು ತರಬೇತಿ ಕೊಟ್ಟರೂ ಸರಿಪಡಿಸಲಾಗದು. ಜೊತೆಗೆ, ಈ ವಯಸ್ಸಿನ ಹೆಣ್ಣುಮರಿ ಮೊದಲ ಬಾರಿ ಬೆದೆಗೆ ಬರುವ ಹೊತ್ತಿನಲ್ಲೂ ಹೀಗೆ ಪದೇ ಪದೇ ಮೂತ್ರ ಮಾಡುವುದುಂಟು.

ವೈದ್ಯರು ಆರೋಗ್ಯ ಸರಿಯಿದೆ ಎಂದರೆ, ಮನೆ ಬದಲಾಗಿದೆಯೇ, ಮನೆಯವರ ದಿನಚರಿ ಬದಲಾಗಿದೆಯೇ, ಬೇಗ ಕಲಿಯಿತೆಂದು ಹೊರಗೆ ಒಯ್ಯುವುದನ್ನು ಕಡಿಮೆ ಮಾಡಿದಿರೇ ಎಂದು ನೋಡಿ. ಏನೇ ಇರಲಿ, ಎರಡು ವಾರ ಮೊದಲ ದಿನದ ಕ್ರಮಕ್ಕೇ ಮರಳಿ. ಗಂಡುಮರಿಗಳನ್ನು ಸಾಕಿದವರು ಇನ್ನೊಂದನ್ನು ಗಮನಿಸಬೇಕು: 6ರಿಂದ 12 ತಿಂಗಳ ನಡುವೆ ಕಾಲೆತ್ತಿ ಗೋಡೆಗೆ, ಕುರ್ಚಿಯ ಕಾಲಿಗೆ ತುಸು ತುಸು ಸಿಂಪಡಿಸುವುದು ಗುರುತು ಹಾಕುವ ಕ್ರಿಯೆ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಬಹುಪಾಲು ನಾಯಿಗಳಲ್ಲಿ ಅದು ಕಡಿಮೆಯಾಗುತ್ತದೆ. ಅದಕ್ಕೆ ಸೂಕ್ತವಾದ ವಯಸ್ಸನ್ನು ತಳಿ ನೋಡಿ ವೈದ್ಯರೇ ಹೇಳಬೇಕು.

ಪ್ರಶ್ನೆ: ನೀರು ಕಡಿಮೆ ಕೊಟ್ಟರೆ ಮೂತ್ರವೂ ಕಡಿಮೆಯಾಗುತ್ತದಲ್ಲವೇ?

ಉತ್ತರ: ಹಾಗೆ ಮಾಡಬೇಡಿ. ಎಳೆಯ ಮರಿಯ ದೇಹ ಬೇಗ ಒಣಗುತ್ತದೆ, ಮತ್ತು ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಕೆರಳಿಸುತ್ತದೆ. ಹಗಲಿಡೀ ಶುದ್ಧ ನೀರು ಸಿಗುವಂತಿರಲಿ. ಆರೋಗ್ಯವಾಗಿರುವ ಮರಿಯಾದರೆ, ಸೆಖೆ ಇಲ್ಲದ ದಿನಗಳಲ್ಲಿ, ಮಲಗುವುದಕ್ಕೆ ಒಂದು ಗಂಟೆ ಮುಂಚೆ ಬಟ್ಟಲನ್ನು ಎತ್ತಿಡಬಹುದು, ಅಷ್ಟೇ.

ಪ್ರಶ್ನೆ: ಹೊರಗೆ ಮಲ ಮಾಡಿದ ಕೂಡಲೇ ತಿರುಗಿ ಅದನ್ನೇ ತಿನ್ನಲು ಹೋಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಹೆದರಿಕೆಯಾಗುತ್ತದೆ.

ಉತ್ತರ: ಅಸಹ್ಯವೆನಿಸಿದರೂ ಮರಿಗಳಲ್ಲಿ ಇದು ಅಪರೂಪವಲ್ಲ. ಕೂಗಿಕೊಂಡು ಓಡಿಹೋದರೆ ಅದು ಇನ್ನೂ ಅವಸರದಿಂದ ನುಂಗುತ್ತದೆ. ಹಗ್ಗ ನಿಮ್ಮ ಕೈಯಲ್ಲಿರಲಿ. ಮುಗಿಸಿದೊಡನೆ ಮೆಚ್ಚುಗೆಯ ತಿನಿಸನ್ನು ಮೂಗಿನ ಬಳಿ ತೋರಿಸಿ ಮುಂದಕ್ಕೆ ಕರೆದು, ಮಲವನ್ನು ಚೀಲದಲ್ಲಿ ಎತ್ತಿಬಿಡಿ. ಮಕ್ಕಳ ಬಗೆಗಿನ ನಿಮ್ಮ ಆತಂಕ ಸರಿಯಾದದ್ದೇ. ದುಂಡುಹುಳುಗಳು ತಾಯಿಯ ಗರ್ಭದಿಂದಲೂ ಹಾಲಿನಿಂದಲೂ ಮರಿಗೆ ಬರುತ್ತವೆ, ಮತ್ತು ಅವುಗಳ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ತೊಂದರೆಯಾಗುತ್ತದೆ. ಆದರೆ ಮಲದೊಂದಿಗೆ ಬಿದ್ದ ಮೊಟ್ಟೆ ಸೋಂಕು ಹರಡುವ ಸ್ಥಿತಿಗೆ ಬರಲು ವಾರಗಳೇ ಬೇಕಾಗುವುದರಿಂದ, ಅಂದಂದಿನ ಮಲವನ್ನು ಅಂದಂದೇ ಎತ್ತುವ ಮನೆಯಲ್ಲಿ ಅಪಾಯ ಬಹಳ ಕಡಿಮೆ. ಜಂತುಹುಳುವಿನ ಔಷಧಿಯನ್ನು ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಕೊಡಿ, ಮಕ್ಕಳು ಮರಿಯೊಡನೆ ಆಡಿದ ಮೇಲೆ ಕೈ ತೊಳೆಯಲಿ.

ಪ್ರಶ್ನೆ: ಇನ್ನೆಷ್ಟು ದಿನ ಹೀಗೆ ಕಾವಲಿರಬೇಕು? ಮನೆಯಲ್ಲಿ ಎಂದಿನಿಂದ ಸ್ವತಂತ್ರವಾಗಿ ಬಿಡಬಹುದು?

ಉತ್ತರ: ಮೂತ್ರಕೋಶದ ಮೇಲೆ ಪೂರ್ಣ ಹತೋಟಿ ಬರುವುದೇ 4ರಿಂದ 6 ತಿಂಗಳ ವಯಸ್ಸಿನಲ್ಲಿ. ಅದಕ್ಕಿಂತ ಮೊದಲು ತಪ್ಪೇ ಆಗದಿದ್ದರೆ ಅದರ ಶ್ರೇಯ ಹೆಚ್ಚಾಗಿ ನಿಮ್ಮ ಎಚ್ಚರಕ್ಕೆ ಸಲ್ಲಬೇಕು. ಚಿಕ್ಕ ತಳಿಗಳಿಗೆ ಒಂದು ವರ್ಷವೂ ಬೇಕಾಗಬಹುದು. ನೀವು ಕೂರುವ ಒಂದು ಕೋಣೆಯಲ್ಲಿ ಸತತ 4 ವಾರ ಒಂದೂ ತಪ್ಪು ಆಗದಿದ್ದರೆ ಪಕ್ಕದ ಕೋಣೆಯ ಬಾಗಿಲು ತೆರೆಯಿರಿ. ಅಲ್ಲಿಯೂ ಮೊದಲ ಕೆಲವು ದಿನ ನೀವು ಜೊತೆಗೇ ಇದ್ದು, ಮರಿಯೊಡನೆ ಆಡಿ, ಒಂದು ಹೊತ್ತು ಊಟ ಕೊಟ್ಟು, ಅದೂ ತಾನಿರುವ ಜಾಗವೇ ಎಂಬ ಅರಿವು ಮೂಡಿಸಿ. ಅದು ಗಟ್ಟಿಯಾದ ಮೇಲೆ ಮೂರನೆಯ ಕೋಣೆ. ಬಾಗಿಲ ಹಿಡಿಯಲ್ಲಿ ಒಂದು ಗಂಟೆ ಕಟ್ಟಿ, ಹೊರಗೆ ಹೋಗುವಾಗಲೆಲ್ಲ ಮರಿಯ ಮೂತಿಯಿಂದಲೇ ಅದನ್ನು ತಾಗಿಸಿ ಬಾಗಿಲು ತೆರೆಯುತ್ತಾ ಬಂದರೆ, ಬೇಕೆನಿಸಿದಾಗ ತಾನೇ ಬಾರಿಸಲು ಅನೇಕ ಮರಿಗಳು ಕಲಿಯುತ್ತವೆ. ಆಟಕ್ಕಾಗಿ ಬಾರಿಸುತ್ತಿದೆ ಎಂಬ ಅನುಮಾನ ಬಂದರೂ ಆರಂಭದ ದಿನಗಳಲ್ಲಿ ಪ್ರತಿ ಸಲವೂ ಎದ್ದು ಬಾಗಿಲು ತೆರೆಯಿರಿ, ಬೆಲ್ಟು ಹಾಕಿ ನೇರವಾಗಿ ಆ ಮೂಲೆಗೇ ಕರೆದೊಯ್ಯಿರಿ.